ಹಳೆಯ ತೊಟ್ಟಿಲಿಗೆ ಹೊಸ ಬಣ್ಣ

ಮನೆಯ ಹಳೆಯ ಮೇಜು, ಕುರ್ಚಿ, ಮಂಚ, ಬೀರುಗಳಿಗೆ ಹೊಸದಾಗಿ ಬಣ್ಣ ಕೊಡಿಸಬೇಕೆಂದು ಮನಸ್ಸಾದೊಡನೆಯೇ ನಾವು ಕೇಳುವುದು ಹಸಿರು ಒಪ್ಪೀತೋ ಕಂದು ಒಪ್ಪೀತೋ ಎಂಬುದನ್ನು ಮಾತ್ರ. ಆ ಮರದ ಮೇಲೆ ಈಗಾಗಲೇ ಇರುವುದೇನು, ಆ ವಸ್ತುವನ್ನು ಮುಂದೆ ಬಳಸತಕ್ಕವರಾರು ಎಂಬ ವಿಚಾರವು ನಮಗೆ ಹೊಳೆಯುವುದೇ ಇಲ್ಲ. ಹೀಗೆ ಹೊಳೆಯದೆ ಮಾಡಿದ ತಪ್ಪೊಂದನ್ನು ನಾವು ಮೂವತ್ತು ವರ್ಷಗಳಿಗೂ ಮಿಕ್ಕಿ ಅಟ್ಟದ ಮೇಲೆ ಇಟ್ಟುಕೊಂಡಿದ್ದೆವು.

ಅದೊಂದು ತೊಟ್ಟಿಲು. ನಮ್ಮ ಮನೆಯವರ ತವರು ಹುಬ್ಬಳ್ಳಿಯ ಸಮೀಪ. ಧಾರವಾಡ ಜಿಲ್ಲೆಯ ಕಲಘಟಗಿಯು ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಸಾಗುವಾನಿಯ ಹಲಗೆಗಳ ಮೇಲೆ ಅರಗಿನ ಬಣ್ಣದಿಂದ ದೇವರ ಚಿತ್ರಗಳನ್ನೂ ಬಳ್ಳಿ ಹಕ್ಕಿಗಳನ್ನೂ ಬರೆದ ಅಂತಹ ತೊಟ್ಟಿಲೊಂದು ನಮ್ಮ ಅತ್ತೆಯವರ ಕಾಲದಿಂದ ಬಂದುದು. ೧೯೯೩ರಲ್ಲಿ ನಮ್ಮ ಹಿರಿಯ ಮಗಳು ಹುಟ್ಟಿದಾಗ ಅದು ಮಾಸಿದಂತೆ ಕಂಡುದರಿಂದ, ಪೇಟೆಯಿಂದ ಒಂದು ಡಬ್ಬಿ ಹಸಿರು ಎನಾಮಲ್ ತಂದು, ಕೈಯಾರೆ ಎರಡು ಸಲ ಬಳಿದು, ಮಿತವ್ಯಯದಲ್ಲಿ ನಮ್ಮನ್ನು ಮೀರಿದವರಿಲ್ಲವೆಂದು ಹೆಮ್ಮೆಪಟ್ಟೆವು. ನಮ್ಮ ಮನೆಯವರು ಆಗ ಏನೂ ಆಡಲಿಲ್ಲ. ಆಡದೆ ಇದ್ದುದರ ಅರ್ಥವು ನಮಗೆ ಈಗ ಆಗುತ್ತಿದೆ.

ಮಗಳಿಗೆ ಈಗ ಏಳು ತಿಂಗಳು ತುಂಬಿದೆ. ತೊಟ್ಟಿಲನ್ನು ಕೆಳಗಿಳಿಸಿ ನೋಡಲಾಗಿ ಹಸಿರು ಬಣ್ಣವು ಅಲ್ಲಲ್ಲಿ ಹೆಕ್ಕಳಿಕೆಯೆದ್ದು ಉದುರುತ್ತಿತ್ತು. ಇನ್ನೊಂದು ಸಲ ಬಳಿದರಾಯಿತೆಂದು ನಾವು ಹೊರಟಿದ್ದೆವು. ಅಷ್ಟರಲ್ಲಿ ಬಾಗಿಲು ಸರಿಪಡಿಸಲು ಬಂದಿದ್ದ ವೃದ್ಧ ಬಡಗಿಯೊಬ್ಬರು, "ಮೇಷ್ಟ್ರೇ, ಕೆಳಗೆ ಏನಿದೆ ಅಂತ ನೋಡದೆ ಮೇಲೆ ಬಳೀಬೇಡಿ" ಎಂದು ತಡೆದರು.

ಅವರು ತೋರಿಸಿದ ಪರೀಕ್ಷೆಯು ಬಹಳ ಸುಲಭವಾದುದು. ಪಾಲಿಷಿಗೆ ಬಳಸುವ ಸ್ಪಿರಿಟ್ಟಿನಲ್ಲಿ ಹತ್ತಿಯನ್ನು ಅದ್ದಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಉಜ್ಜಬೇಕು. ಮೇಲ್ಮೈ ಅಂಟಂಟಾಗಿ ಕರಗಿ ಹತ್ತಿಗೆ ಹತ್ತಿದರೆ ಅದು ಅರಗು. ಜಗ್ಗದೆ ನಿಂತರೆ ಎನಾಮಲ್ಲೋ ಅಂತಹ ಬೇರೊಂದೋ ಇರಬೇಕು. ನಮ್ಮ ತೊಟ್ಟಿಲಿನ ಹಸಿರು ಜಗ್ಗಲಿಲ್ಲ. ಅದು ಉದುರಿದ್ದೆಡೆಯ ಕೆಂಪು ಹತ್ತಿಗೆ ಬಂದಿತು. ನುಣುಪಾದ ಅರಗಿನ ಮೇಲೆ ಉಪ್ಪುಕಾಗದವನ್ನೂ ಆಡಿಸದೆ ಬಳಿದ ಎನಾಮಲ್ ಹಿಡಿದು ನಿಲ್ಲುವುದಿಲ್ಲವೆಂದು ಆಚಾರ್ರು ಹೇಳಿದರು. ಅದು ಉದುರಿದುದರ ಕಾರಣವು ಇಷ್ಟೇ.

ಆದರೆ ಉದುರಿದುದಕ್ಕಿಂತ ಭಯಂಕರವಾದ ವಿಷಯವು ಬೇರೆ ಇದೆ. ಹಿಂದೆ ಎನಾಮಲ್ ಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸದ ಸಂಯುಕ್ತಗಳು ಸೇರುತ್ತಿದ್ದವು. ಮನೆಬಳಕೆಯ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂದು ಭಾರತ ಸರ್ಕಾರವು ನಿಯಮ ಮಾಡಿದ್ದು ೨೦೧೬ರಲ್ಲಿ. ಅದು ಜಾರಿಗೆ ಬಂದುದು ೨೦೧೭ರ ನವೆಂಬರಿನಲ್ಲಿ. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುವುದು. ಇಷ್ಟಾದರೆ ಬಾಧಕವಿಲ್ಲವೆಂಬ ಪ್ರಮಾಣವೇ ಇಲ್ಲವೆಂದು ವೈದ್ಯಶಾಸ್ತ್ರಜ್ಞರು ಹೇಳುತ್ತಾರೆ. ಹಲ್ಲು ಮೊಳೆಯುವ ಕೂಸು ತೊಟ್ಟಿಲಿನ ಕಂಬಿಯನ್ನು ಕಚ್ಚದೆ ಬಿಟ್ಟೀತೇ? ಸೀಸದ ಇರವು ಕಣ್ಣಿಗೆ ಕಾಣತಕ್ಕದ್ದಲ್ಲ, ಪರೀಕ್ಷೆಯಿಂದ ಮಾತ್ರವೇ ತಿಳಿಯತಕ್ಕದ್ದು. ಆದುದರಿಂದ ಹಳೆಯ ಎನಾಮಲ್ಲಿನಲ್ಲಿ ಅದು ಇದೆಯೆಂದೇ ಭಾವಿಸಿ ನಡೆಯುವುದು ಲೇಸು.

ಇಲ್ಲಿ ಸಂಕಟವು ತಲೆದೋರಿತು. ಬಣ್ಣ ಕೀಳುವ ದ್ರಾವಣವನ್ನು ಹಚ್ಚಿದರೆ ಹಸಿರಿನೊಡನೆ ಅರಗಿನ ಚಿತ್ರವೂ ಹೋಗುವುದು. ಬೆಂಕಿಯ ಜ್ವಾಲೆಯಿಂದ ಸುಟ್ಟು ಕೆರೆದರೆ ಸೀಸವು ಹೊಗೆಯಾಗಿ ಶ್ವಾಸಕ್ಕೆ ಸೇರುವುದು. ಒಣಗಿದಂತೆಯೇ ಉಪ್ಪುಕಾಗದದಿಂದ ಉಜ್ಜಿದರೆ ಧೂಳು ಮನೆಯನ್ನೆಲ್ಲ ತುಂಬುವುದು. ಆಚಾರ್ರು ಮೊಂಡು ಕತ್ತಿಯೊಂದರಿಂದ ಬದಿಯ ಹಲಗೆಯ ಮೂಲೆಯನ್ನು ಮೆಲ್ಲಗೆ ಎಬ್ಬಿಸಲು, ಅಂಗೈಯಗಲದ ಹಸಿರು ಕಳಚಿ, ಅದರಡಿಯಲ್ಲಿ ಕೆಂಪು ಕೊಕ್ಕಿನ ಗಿಳಿಯೊಂದು ಕಾಣಿಸಿತು. ನಮ್ಮ ಮನೆಯವರು ಅದನ್ನು ನೋಡುತ್ತ ಬಹಳ ಹೊತ್ತು ನಿಂತರು. ಮತ್ತೊಂದು ಅಂಗುಲ ಮುಂದುವರಿಯುವಷ್ಟರಲ್ಲಿ ಹಸಿರಿನೊಡನೆ ಗಿಳಿಯ ಬಾಲವೂ ಎದ್ದು ಬಂದಿತು. "ಸಾಕು ಬಿಡ್ರಿ," ಎಂದರು ಅವರು. "ಚಿತ್ರ ಹೋದ್ರ ಹೋಗಲಿ. ಕೂಸಿನ ಬಾಯಾಗ ವಿಷ ಹೋಗಬಾರದು."

ಆ ಎರಡು ಬದಿಯ ಹಲಗೆಗಳನ್ನು ಕಳಚಿ ತೆಗೆದು, ಕಡೆದ ಕಂಬಿಗಳನ್ನೂ ಚೌಕಟ್ಟನ್ನೂ ಹಿತ್ತಿಲಿನಲ್ಲಿ ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಸಿದೆವು. ಮೂಗು ಬಾಯಿಗಳಿಗೆ ಮುಸುಕು, ಕೆಳಗೆ ಪ್ಲಾಸ್ಟಿಕ್ ಹಾಳೆ. ಕೆರೆದ ಚೂರುಗಳನ್ನೆಲ್ಲ ಚೀಲದಲ್ಲಿ ಕಟ್ಟಿದುದಾಯಿತು. ಕೆಲಸದ ಬಟ್ಟೆಗಳನ್ನು ಬೇರೆಯಾಗಿ ಒಗೆದೆವು. ಆ ಮೂರು ದಿನ ಮಗಳನ್ನು ತಂಗಿಯ ಮನೆಯಲ್ಲಿರಿಸಿದ್ದೆವು. ಗರ್ಭಿಣಿಯರು ಆ ಧೂಳಿನ ಬಳಿ ಸುಳಿಯಲಾಗದು.

ಬರಿಯ ಸಾಗುವಾನಿಯು ಕಂಡ ಮೇಲೆ, ಏನು ಹಚ್ಚಬೇಕೆಂಬ ಪ್ರಶ್ನೆ. ಸಂಸ್ಕೃತದಲ್ಲಿ ಲಾಕ್ಷಾ, ಜತು ಎಂದು ಹೆಸರುಳ್ಳ ಅರಗು, ಮರಗಳ ಎಳೆಯ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟವು ಸ್ರವಿಸುವ ರಾಳ. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಮನೆಯಿಂದ ಅದಕ್ಕೆ ಅಪಕೀರ್ತಿ ಬಂದಿದ್ದರೂ, ಶುದ್ಧಿಮಾಡಿದ ಅರಗನ್ನು ಔಷಧದ ಗುಳಿಗೆಗಳಿಗೂ ಮಿಠಾಯಿಗೂ ಲೇಪವಾಗಿ ಬಳಸುತ್ತಾರೆಂದರೆ ಅದರ ಸಾಧುತ್ವವನ್ನು ಊಹಿಸಬಹುದು. ಚನ್ನಪಟ್ಟಣದ ಆಟಿಕೆಗಳ ಹೊಳಪೂ ಅದರದೇ: ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜುವಿಕೆಯ ಬಿಸಿಗೇ ಕರಗಿ ಹಿಡಿಯುವುದು. (ಚುನಾವಣೆಯಲ್ಲಿ ನಮ್ಮ ಬೆರಳಿಗೆ ೧೯೬೨ರಿಂದ ಹಚ್ಚುತ್ತಿರುವ ಅಳಿಸಲಾಗದ ಶಾಯಿಯನ್ನು ತಯಾರಿಸುವ ಮೈಸೂರಿನ ಕಾರ್ಖಾನೆಯೂ, ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ ಆರಂಭವಾಯಿತು.)

ಕಂಬಿಗಳಿಗೂ ಚೌಕಟ್ಟಿಗೂ ಅರಗನ್ನೇ ಗೊತ್ತುಮಾಡಿದೆವು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಒಂದು ರಾತ್ರಿ ನೆನೆಸಿ, ಸೋಸಿ, ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಅದರಿಂದ ತೆಳುವಾಗಿ, ಮತ್ತೆ ಮತ್ತೆ ಸವರಬೇಕು. ಒಂದು ಸಲ ದಪ್ಪವಾಗಿ ಬಳಿಯುವುದಕ್ಕಿಂತ ಆರು ಸಲ ತೆಳುವಾಗಿ ಬಳಿಯುವುದು ಉತ್ತಮ. ಬೇಕಾದಷ್ಟನ್ನೇ ಆಗಾಗ ಕಲಸಿಕೊಳ್ಳಬೇಕು. ವರ್ಷಗಟ್ಟಲೆ ಸೀಸೆಯಲ್ಲಿ ನಿಂತ ದ್ರಾವಣವು ಎಷ್ಟು ದಿನ ಕಳೆದರೂ ಅಂಟು ಬಿಡುವುದಿಲ್ಲ. ಅಡಿಹಲಗೆಗೆ ಮಾತ್ರ ಆಚಾರ್ರು ಅರಗನ್ನು ಒಪ್ಪಲಿಲ್ಲ. ನೀರು ನಿಂತರೆ ಅರಗು ಬೆಳ್ಳಗಾಗುವುದು, ಕ್ಷಾರಕ್ಕೆ ಕರಗುವುದು. ಕೂಸು ಮಾಡುವ ಒದ್ದೆಯಲ್ಲಿ ಎರಡೂ ಉಂಟಷ್ಟೆ. ಅಲ್ಲಿಗೆ ನೀರಿನಲ್ಲಿ ಕಲಸುವ ಪಾಲಿಯುರಿಥೇನ್ ವಾರ್ನಿಷನ್ನು ಹಾಕಿಸಿ, ಪೂರ್ತಿ ಗಟ್ಟಿಯಾಗಲೆಂದು ಗಾಳಿಗೆ ಬಿಟ್ಟೆವು.

ಇದೇ ಕಾರಣದಿಂದ, ಬಿಸಿಪಾತ್ರೆಯಿಡುವ ಊಟದ ಮೇಜಿಗೂ ಅರಗು ಸಲ್ಲದು. ಬಿಸಿ ಲೋಟದ ಬಿಳಿಯ ಉಂಗುರವು ಅದರ ಮೇಲೆ ಕೂಡಲೇ ಮೂಡುವುದು. ಬಿಸಿಲುಮಳೆಗಳ ಜಗುಲಿಯ ಬೆಂಚಿಗೆ ಹೊರಾಂಗಣಕ್ಕೆಂದೇ ಮಾಡಿದ ಎನಾಮಲ್ ಯೋಗ್ಯ. ಗೋಡೆಗೆ ಬಳಿದು ಮಿಕ್ಕ ಬಣ್ಣವನ್ನು ಕುರ್ಚಿಗೆ ಬಳಿಯುವವರಿಗೆ ನಾವೇನೂ ಹೇಳಲಾರೆವು. ಕೂತವರ ಪಂಚೆಯೇ ಹೇಳುವುದು. ಪುಸ್ತಕದ ಬೀರುವಿಗೆ ಅಗಸೆ ಎಣ್ಣೆ ಚೆನ್ನ. ಆದರೆ ಆ ಎಣ್ಣೆಯಲ್ಲಿ ನೆನೆದ ಚಿಂದಿಗಳನ್ನು ಮುದ್ದೆಮಾಡಿ ಮೂಲೆಗೆಸೆಯಕೂಡದು. ತಮ್ಮಷ್ಟಕ್ಕೆ ತಾವೇ ಕಾವೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಒಂದೊಂದಾಗಿ ಹೊರಗೆ ಒಣಗಿಸಬೇಕು.

ತೊಟ್ಟಿಲಿಗೆ ಹೊಸ ಸಾಗುವಾನಿಯ ಬದಿಹಲಗೆಗಳನ್ನು ಕೂಡಿಸಿ, ಅವಕ್ಕೂ ಅರಗು ಹಚ್ಚಿಯಾಗಿದೆ. ಅವು ಬರಿದಾಗಿವೆ, ಚಿತ್ರವಿಲ್ಲ. ಕಳಚಿದ ಹಲಗೆಗಳಲ್ಲಿ ಗಿಳಿಯಿರುವುದನ್ನು, ಉದುರದಂತೆ ಗಾಜು ಹಾಕಿಸಿ, ಮಗುವಿನ ಕೈಗೆ ನಿಲುಕದ ಎತ್ತರದಲ್ಲಿ ನಡುಮನೆಯ ಗೋಡೆಗೆ ತೂಗುಹಾಕಿದ್ದೇವೆ: ಬಾಲವಿಲ್ಲದ ಗಿಳಿ, ಸುತ್ತಲೂ ನಮ್ಮ ೧೯೯೩ರ ಹಸಿರು. ತೊಟ್ಟಿಲು ಪಡಸಾಲೆಯಲ್ಲಿ ಗಾಳಿಗಿದೆ. ಸ್ಪಿರಿಟ್ಟಿನ ವಾಸನೆ ಹೋಯಿತೇ ಎಂದು ನಮ್ಮ ಮನೆಯವರು ದಿನಕ್ಕೆರಡು ಬಾರಿ ಬಗ್ಗಿ ಮೂಸಿ ನೋಡುತ್ತಿದ್ದಾರೆ.