ಸೋಫಾ ಕೊಳ್ಳುವ ಮುನ್ನ ಬಾಗಿಲು ಅಳೆಯಿರಿ

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಮಧ್ಯಮ ವರ್ಗದ ಮನೆಗಳಲ್ಲಿ ಎರಡು ಮಾತು ಏಳುತ್ತವೆ. ಒಂದು, ಮಗನನ್ನೋ ಮಗಳನ್ನೋ ಯಾವ ಕಾಲೇಜಿಗೆ ಸೇರಿಸುವುದು? ಇನ್ನೊಂದು, ಹಾಲ್‌ನಲ್ಲಿರುವ ಹಳೆಯ ಸೋಫಾಕ್ಕೆ ಏನು ಗತಿ ಕಾಣಿಸುವುದು? ಮೊದಲನೆಯದಕ್ಕೆ ಹತ್ತು ಜನರನ್ನು ವಿಚಾರಿಸುವ ಅಪ್ಪ ಅಮ್ಮ, ಎರಡನೆಯದಕ್ಕೆ ಅಂಗಡಿಯವರ ಮಾತನ್ನೇ ನಂಬಿಬಿಡುತ್ತಾರೆ. ಆದರೆ ಸೋಫಾ ಎಂಬುದು ಒಮ್ಮೆ ಒಳಗೆ ಬಂದರೆ ವರ್ಷಗಟ್ಟಲೆ ಮನೆಯಲ್ಲಿ ಕೂರುವ ಅತಿಥಿ. ಮೆಚ್ಚದ ಸೀರೆಯಂತೆ ಬೀರುವಿನ ತಳಕ್ಕೆ ತಳ್ಳುವಂತಿಲ್ಲ.

ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. 1898ರ ಪ್ಲೇಗಿನ ಹೊಡೆತದ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಕೆಂಪು ಗಾರೆಯ ನೆಲ, ಮಂಗಳೂರು ಹೆಂಚು, ಮುಂದೊಂದು ಜಗಲಿ ಇದ್ದ ಆ ಮನೆಗಳಲ್ಲಿ ಬಂದವರಿಗೆ ಚಾಪೆ, ಜಮಖಾನ, ಹೆಚ್ಚೆಂದರೆ ಬೆತ್ತದ ಕುರ್ಚಿ. ಇಂದು ಅದೇ ನಿವೇಶನಗಳು ಅಣ್ಣತಮ್ಮಂದಿರ ನಡುವೆ ಹಂಚಿಹೋಗಿ, ಮನೆ ಮೇಲೆ ಮನೆ ಎದ್ದಿದೆ. ಮೆಟ್ಟಿಲು ಕಿರಿದು, ತಿರುವು ಇನ್ನೂ ಕಿರಿದು.

ತಮಾಷೆಯೆಂದರೆ, ಸೋಫಾ ಎಂಬ ಪದದ ಮೂಲ ಅರಬ್ಬಿಯ ‘ಸುಫ್ಫಾ’. ಹಾಗೆಂದರೆ ಕೂರಲು ಕಟ್ಟಿದ ಎತ್ತರದ ಕಟ್ಟೆ, ಹೆಚ್ಚುಕಡಿಮೆ ನಮ್ಮ ಜಗಲಿ! ಹಾಲ್‌ನ ದಿವಾನಕ್ಕೂ ಮೈಸೂರಿನ ದಿವಾನರ ಪದವಿಗೂ ಮೂಲ ಒಂದೇ ಪರ್ಷಿಯನ್ ಪದ. ದರ್ಬಾರಿನ ಗೋಡೆಯುದ್ದಕ್ಕೂ ಹಾಸಿದ ಮೆತ್ತೆಗೆ ದರ್ಬಾರಿನ ಹೆಸರೇ ಅಂಟಿಕೊಂಡಿತು.

ಮೊದಲು ಅಳತೆ, ಆಮೇಲೆ ಅಂಗಡಿ

ಮೂವರು ಕೂರುವ ಸೋಫಾ ಸಾಮಾನ್ಯವಾಗಿ ಆರರಿಂದ ಏಳು ಅಡಿ ಉದ್ದ, ಸುಮಾರು ಮೂರು ಅಡಿ ಆಳ ಇರುತ್ತದೆ. ವಿಶಾಲವಾದ ಷೋರೂಮಿನಲ್ಲಿ ಅದು ಪುಟ್ಟದಾಗಿ ಕಾಣುತ್ತದೆ. ಹತ್ತಡಿ ಹಾಲ್‌ಗೆ ಬಂದಾಗ ಆನೆಯಾಗುತ್ತದೆ. ಇದಕ್ಕೆ ಸುಲಭದ ಉಪಾಯವುಂಟು. ಹಳೆಯ ಪೇಪರುಗಳನ್ನು ಸೋಫಾದ ಅಳತೆಗೆ ನೆಲದ ಮೇಲೆ ಹಾಸಿ, ಎರಡು ದಿನ ಅದನ್ನು ಸುತ್ತಿಕೊಂಡು ಓಡಾಡಿ. ನಡೆಯಲು ಎರಡೂವರೆ ಅಡಿಯಾದರೂ ದಾರಿ ಉಳಿಯದಿದ್ದರೆ ಚಿಕ್ಕದನ್ನೇ ಆರಿಸಿ.

ಬಾಗಿಲಿನ ಲೆಕ್ಕ ಬೇರೆ. ಸೋಫಾದ ಆಳ, ಎತ್ತರ ಎರಡರಲ್ಲಿ ಕಡಿಮೆ ಇರುವುದು ಬಾಗಿಲಿನ ತೆರಪಿಗಿಂತ ಕಡಿಮೆಯಿರಬೇಕು. ತೆರಪನ್ನು ಅಳೆಯುವಾಗ ಚೌಕಟ್ಟನ್ನೂ ಪೂರ್ತಿ ತೆರೆಯದ ಕದವನ್ನೂ ಬಿಟ್ಟು ಅಳೆಯಿರಿ.

ಮೆಟ್ಟಿಲಿನ ತಿರುವಂತೂ ಗಣಿತಜ್ಞರನ್ನೇ ಕಾಡಿದ ವಿಷಯ. ಲಂಬಕೋನದಲ್ಲಿ ತಿರುಗುವ, ಒಂದು ಮಾನ ಅಗಲದ ಓಣಿಯಲ್ಲಿ ಸಾಗಿಸಬಹುದಾದ ಅತಿ ದೊಡ್ಡ ಸೋಫಾದ ವಿಸ್ತೀರ್ಣವೆಷ್ಟು? 1966ರಲ್ಲಿ ಲಿಯೊ ಮೋಸರ್ ಕೇಳಿದ ಪ್ರಶ್ನೆಯಿದು. 1992ರಲ್ಲಿ ಜೋಸೆಫ್ ಗರ್ವರ್ ಹಳೆಯ ಟೆಲಿಫೋನ್ ರಿಸೀವರಿನಂಥ ಆಕಾರವೊಂದನ್ನು ತೋರಿಸಿದರು. ಅದರ ವಿಸ್ತೀರ್ಣ ಸುಮಾರು 2.2195. ಇದಕ್ಕಿಂತ ದೊಡ್ಡದು ಸಾಧ್ಯವಿಲ್ಲ ಎಂಬುದಕ್ಕೆ ದಕ್ಷಿಣ ಕೊರಿಯದ ಜಿನ್‌ಯೋನ್ ಬೇಕ್ ಸಾಧನೆ ಮಂಡಿಸಿದ್ದು 2024ರಲ್ಲಿ. ಓಣಿ ಮೂರು ಅಡಿ ಅಗಲವಿದ್ದರೆ ಸುಮಾರು 20 ಚದರ ಅಡಿ ಎಂದಾಯಿತು. ಏಕೆಂದು ಹೈಸ್ಕೂಲಿನ ಮಕ್ಕಳೇ ಲೆಕ್ಕ ಹಾಕಲಿ. ನಿಜಜೀವನದಲ್ಲಿ ಸೋಫಾವನ್ನು ನೆಟ್ಟಗೆ ನಿಲ್ಲಿಸಬಹುದು, ಕಾಲು ಬಿಚ್ಚಬಹುದು. ಆದರೂ ಮಹಡಿ ಮನೆಯವರಿಗೆ ‘ಎಲ್’ ಆಕಾರದ ಒಂಟಿ ಸೋಫಾಕ್ಕಿಂತ ಬಿಡಿಬಿಡಿಯಾದ ಆಸನಗಳೇ ಕ್ಷೇಮ.

ತಕ್ಕಡಿಗೆ ಹಾಕಿ ನೋಡಿ

ಸೋಫಾದ ಆಯುಸ್ಸು ಅದರ ಹೊಟ್ಟೆಯಲ್ಲಿದೆ. ಹಿಂದೆ ಅದು ಹತ್ತಿ, ಬೂರುಗದ ಅರಳೆ, ತೆಂಗಿನ ನಾರು. ಇಂದು ಬಹುಪಾಲು ಪಾಲಿಯುರಿಥೇನ್ ಫೋಮ್. ಈ ರಸಾಯನವನ್ನು ಜರ್ಮನಿಯ ಆಟೋ ಬಾಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದರು.

ಅಂಗಡಿಯಲ್ಲಿ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುತ್ತಾರಲ್ಲ, ಅದು ಒಂದು ಘನ ಮೀಟರ್ ಫೋಮಿನ ತೂಕ, ಕೆ.ಜಿ.ಗಳಲ್ಲಿ. 60 ಸೆಂ.ಮೀ. ಚೌಕದ, 10 ಸೆಂ.ಮೀ. ದಪ್ಪದ ಫೋಮಿನ ಘನಗಾತ್ರ 0.036 ಘನ ಮೀಟರ್. 32 ಡೆನ್ಸಿಟಿಯದಾದರೆ ಅದು ಸುಮಾರು 1 ಕೆ.ಜಿ. 150 ಗ್ರಾಂ ತೂಗಬೇಕು; 40ರದಾದರೆ 1 ಕೆ.ಜಿ. 440 ಗ್ರಾಂ. ಮುಕ್ಕಾಲು ಕೆ.ಜಿ.ಯೂ ತೂಗದಿದ್ದರೆ ಮಾತಿಗೂ ಮಾಲಿಗೂ ತಾಳೆಯಿಲ್ಲ ಎಂದೇ ಅರ್ಥ. ಹಗುರ ಫೋಮು ಬೇಗ ಕುಸಿದು, ಕೂತಲ್ಲೇ ಹಳ್ಳವಾಗುತ್ತದೆ. ಡೆನ್ಸಿಟಿಯೇ ಗಡಸುತನವಲ್ಲ ಎಂಬುದೂ ನೆನಪಿರಲಿ. ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ದು ಹತ್ತು ನಿಮಿಷ ಕೂರಿಸಿ. ಅವರು ಕೈಯಾಸರೆಯಿಲ್ಲದೆ ಏಳಬಲ್ಲರೆ ಆಸನ ಸರಿಯಿದೆ.

ಮರ ಮತ್ತು ಬಟ್ಟೆ

ಕಣ್ಣಿಗೆ ಬೀಳುವುದು ಬಟ್ಟೆ, ಭಾರ ಹೊರುವುದು ಮರ. ಮುಂದಿನ ಒಂದು ಕಾಲನ್ನು ಅರ್ಧ ಅಡಿ ಎತ್ತಿ ನೋಡಿ. ಇನ್ನೊಂದು ಕಾಲು ನೆಲದಲ್ಲೇ ಉಳಿದು ಚೌಕಟ್ಟು ತಿರುಚಿಕೊಂಡರೆ ಬೇಡ. ತಳದ ಬಟ್ಟೆ ಸರಿಸಿ ಒಳಗಿನ ಮರ ತೋರಿಸಲು ಕೇಳುವುದು ಗ್ರಾಹಕರ ಹಕ್ಕು, ಸಂಕೋಚ ಬೇಡ. ಅಗ್ಗದ ರೆಕ್ಸಿನ್ ಕೆಲ ವರ್ಷಗಳಲ್ಲೇ ಸಿಪ್ಪೆ ಏಳುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಜಿಪ್ ತೆಗೆದು ಒಗೆಯಬಹುದಾದ ಗಟ್ಟಿ ನೇಯ್ಗೆಯ ಹತ್ತಿಬಟ್ಟೆ ಒಳ್ಳೆಯದು.

ಅಜ್ಜನ ಕಾಲದ ತೇಗದ ಅಥವಾ ಬೀಟೆಯ ಸೋಫಾ ಮನೆಯಲ್ಲಿದ್ದರೆ, ಎಕ್ಸ್‌ಚೇಂಜ್ ಆಸೆಗೆ ಅದನ್ನು ಕೊಟ್ಟುಬಿಡುವ ಮುನ್ನ ಯೋಚಿಸಿ. ಅಂಥ ಮರಕ್ಕೆ ಇಂದಿನ ಬೆಲೆ ಎಷ್ಟೆಂದು ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಚಿಕ್ಕಪೇಟೆಯಿಂದ ಬಟ್ಟೆ ತಂದು, ಹೊಸ ಫೋಮ್ ಹಾಕಿಸಿ, ಬಡಾವಣೆಯ ಕುಶಲಕರ್ಮಿಯಿಂದ ಹೊಲಿಸಿದರೆ ಅದೇ ಸೋಫಾ ಇನ್ನೊಂದು ತಲೆಮಾರಿಗಾಗುತ್ತದೆ.

ಓದುವವರ ಪಾಲು

ಎಷ್ಟೋ ಮನೆಗಳಲ್ಲಿ ಹಾಲೇ ಮಕ್ಕಳ ಓದುವ ಕೋಣೆ. ಆಳವಾದ ಮೆತ್ತನೆಯ ಸೋಫಾದಲ್ಲಿ ಹುದುಗಿ ತೊಡೆಯ ಮೇಲೆ ಪುಸ್ತಕ ಇಟ್ಟರೆ ಬೆನ್ನು ಬಿಲ್ಲಾಗುತ್ತದೆ, ಕತ್ತು ಬಾಗುತ್ತದೆ, ಅರ್ಧ ಗಂಟೆಯಲ್ಲಿ ನಿದ್ದೆಯೂ ಬರುತ್ತದೆ. ಪಾದ ನೆಲಕ್ಕೆ ತಾಗುವ ಕುರ್ಚಿ, ಮೊಣಕೈ ಎತ್ತರಕ್ಕೆ ಮೇಜು: ಓದಿಗೆ ಬೇಕಾದದ್ದು ಇಷ್ಟೇ. ಹಣ ಎರಡರಲ್ಲಿ ಒಂದಕ್ಕೆ ಮಾತ್ರ ಸಾಲುವುದಾದರೆ ಮೇಜು-ಕುರ್ಚಿಯೇ ಮೊದಲಾಗಲಿ. ನೆಂಟರು ಜಮಖಾನದ ಮೇಲೆ ಕೂತರೆ ಮರ್ಯಾದೆ ಹೋಗದು. ಹತ್ತನೇ ತರಗತಿಯ ಮಗು ವರ್ಷವಿಡೀ ಬಾಗಿ ಕೂತರೆ ಬೆನ್ನುನೋವು ಅದರ ಸಂಗಾತಿಯಾದೀತು.

ಬೆಂಕಿಯ ಎಚ್ಚರ

ಕೊನೆಯ ಮಾತು ಅಂಗಡಿಯಲ್ಲಿ ಯಾರೂ ಹೇಳದಿರುವುದು. 1979ರ ಮೇ 8ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೂಲ್‌ವರ್ತ್ಸ್ ಮಳಿಗೆಯಲ್ಲಿ ಜೋಡಿಸಿಟ್ಟಿದ್ದ ಫೋಮ್ ಪೀಠೋಪಕರಣಗಳಿಗೆ ಬೆಂಕಿ ಹತ್ತಿ ಹತ್ತು ಮಂದಿ ಸತ್ತರು. ಸಾದಾ ಫೋಮು ಹತ್ತಿಕೊಂಡರೆ ನಿಮಿಷಗಳಲ್ಲಿ ಇಂಗಾಲದ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ತುಂಬಿದ ಕಪ್ಪು ಹೊಗೆ ಕೋಣೆಯನ್ನು ಮುಚ್ಚುತ್ತದೆ. ಬ್ರಿಟನ್ 1988ರಲ್ಲಿ ಮನೆಬಳಕೆಯ ಪೀಠೋಪಕರಣಗಳಿಗೆ ಕಟ್ಟುನಿಟ್ಟಾದ ಅಗ್ನಿ ನಿಯಮ ತಂದಿತು. ನಮ್ಮ ಮನೆಗಳಲ್ಲಿ ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿ, ಇಸ್ತ್ರಿಪೆಟ್ಟಿಗೆ ಎಲ್ಲವೂ ಉಂಟು. ಅವು ಸೋಫಾದಿಂದ ದೂರವಿರಲಿ. ಹಳೆಯ ಸ್ವಿಚ್‌ಬೋರ್ಡಿಗೆ ಸೋಫಾ ಒತ್ತಿಕೊಂಡಿರಬಾರದು. ಮುಖ್ಯವಾಗಿ, ಹೊರಹೋಗುವ ಬಾಗಿಲಿಗೆ ಅದು ಅಡ್ಡವಾಗದಿರಲಿ.

ಇಷ್ಟಕ್ಕೆಲ್ಲ ಬೇಕಾದ ಅಳತೆಪಟ್ಟಿ, ತಕ್ಕಡಿ, ಹಳೆಯ ಪೇಪರು ಎಲ್ಲರ ಮನೆಯಲ್ಲೂ ಇವೆ. ರಜೆಯಲ್ಲಿರುವ ಮಕ್ಕಳ ಕೈಗೆ ಅವನ್ನು ಕೊಟ್ಟು, ಅಂಗಡಿಗೆ ಹೊರಡುವ ಮೊದಲು ಅಳತೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.