ಟೆನ್ನೆಸೀಯ ಇನ್ನೊಂದು ವಿಶ್ವವಿದ್ಯಾಲಯ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದಾಗ ಅದಕ್ಕೆ ಮಾದರಿಯಾಗಿದ್ದು ಅಮೆರಿಕದ ‘ಲ್ಯಾಂಡ್ ಗ್ರಾಂಟ್’ ಕಾಲೇಜುಗಳು. ಪಾಠ, ಸಂಶೋಧನೆ, ರೈತರ ಹೊಲದವರೆಗೂ ಹೋಗುವ ವಿಸ್ತರಣೆ, ಈ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಕಲ್ಪನೆ ಅಲ್ಲಿಂದ ಬಂದದ್ದು. ನೆರವಿಗೆ ಬಂದವರು ಟೆನ್ನೆಸೀ ವಿಶ್ವವಿದ್ಯಾಲಯದ ತಜ್ಞರು. ನಾಕ್ಸ್‌ವಿಲ್ ಊರಿನ ಆ ಸಂಸ್ಥೆ ನಮ್ಮ ವಿಶ್ವವಿದ್ಯಾಲಯ ಶುರುವಾದ ಹೆಬ್ಬಾಳದ ಹಳೆಯ ತಲೆಮಾರಿಗೆ ಪರಿಚಿತ. ಅದೇ ರಾಜ್ಯದ ನ್ಯಾಶ್‌ವಿಲ್‌ನಲ್ಲಿರುವ ಇನ್ನೊಂದು ಲ್ಯಾಂಡ್ ಗ್ರಾಂಟ್ ಸಂಸ್ಥೆಯ ಹೆಸರು ಮಾತ್ರ ಇಲ್ಲಿ ಹೆಚ್ಚು ಕೇಳಿಬಂದಿಲ್ಲ. ಅದು ಟೆನ್ನೆಸೀ ಸ್ಟೇಟ್ ಯೂನಿವರ್ಸಿಟಿ. 1912ರಲ್ಲಿ ಕಪ್ಪು ಜನರಿಗೆಂದೇ ತೆರೆದದ್ದು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಓಟಗಾರ್ತಿ ವಿಲ್ಮಾ ರುಡಾಲ್ಫ್ ಓದಿದ್ದು ಅಲ್ಲೇ. ನಾಕ್ಸ್‌ವಿಲ್‌ನವರು ನಮ್ಮಲ್ಲಿಗೆ ಬರುತ್ತಿದ್ದ ಆ ವರ್ಷಗಳಲ್ಲಿ ನ್ಯಾಶ್‌ವಿಲ್‌ನ ಈ ಸಂಸ್ಥೆಗೆ ರಾಜ್ಯ ಸರ್ಕಾರ ಕೊಡಬೇಕಿದ್ದ ಹಣ ಬರುತ್ತಲೇ ಇರಲಿಲ್ಲ.

ಇಂಥ ಸುಮಾರು ನೂರು ಸಂಸ್ಥೆಗಳು ಅಮೆರಿಕದಲ್ಲಿವೆ. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ಜನರಿಗಾಗಿ ಹುಟ್ಟಿದವು ಇವು. ಎಲ್ಲಕ್ಕಿಂತ ಹಳೆಯದು ಪೆನ್ಸಿಲ್ವೇನಿಯಾದ ಚೇನಿ, 1837ರದು. ಉಳಿದವುಗಳಲ್ಲಿ ಬಹುಪಾಲು ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಎದ್ದವು. ಕೆಲವನ್ನು ಚರ್ಚುಗಳು ಕಟ್ಟಿದವು, ಕೆಲವನ್ನು ಸರ್ಕಾರಗಳು. ನ್ಯಾಶ್‌ವಿಲ್‌ನಲ್ಲೇ ಇರುವ ಫಿಸ್ಕ್ ಕಾಲೇಜಿನ ವಿದ್ಯಾರ್ಥಿಗಳಂತೂ 1871ರಲ್ಲಿ ಊರೂರು ಸುತ್ತಿ ಹಾಡಿ, ಬಂದ ಹಣದಲ್ಲಿ ತಮ್ಮ ಕಾಲೇಜನ್ನು ಉಳಿಸಿಕೊಂಡರು. ಆ ಹಣದಲ್ಲೇ ಎದ್ದ ಜುಬಿಲಿ ಹಾಲ್ ಇಂದಿಗೂ ನಿಂತಿದೆ.

ಮಿಸಿಸಿಪಿಯ ಆಲ್ಕಾರ್ನ್ ಕಥೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ತೋಟದೊಡೆಯರ ಮಕ್ಕಳು ಓದುತ್ತಿದ್ದ ಓಕ್‌ಲ್ಯಾಂಡ್ ಕಾಲೇಜು ಯುದ್ಧದಿಂದ ಮುಚ್ಚಿಹೋಗಿತ್ತು. 1871ರಲ್ಲಿ ಆ ಆವರಣವನ್ನೇ ಕೊಂಡು ಸರ್ಕಾರ ಕಪ್ಪು ಜನರ ಕಾಲೇಜು ತೆರೆಯಿತು. ಅಮೆರಿಕದ ಸೆನೆಟ್‌ಗೆ ಹೋದ ಮೊದಲ ಕಪ್ಪು ಮನುಷ್ಯ ಹಿರಮ್ ರೆವೆಲ್ಸ್ ಅದರ ಮೊದಲ ಅಧ್ಯಕ್ಷರಾದರು. ವರ್ಷಕ್ಕೆ 50,000 ಡಾಲರ್‌ನಂತೆ ಹತ್ತು ವರ್ಷ ಕೊಡುವುದಾಗಿ ಶಾಸನಸಭೆ ಮಾತು ಕೊಟ್ಟಿತು. ಆಗ ಆ ಸಭೆಯಲ್ಲಿ ಕಪ್ಪು ಸದಸ್ಯರೂ ಕೂತಿದ್ದರು. ಅಧಿಕಾರ ಮತ್ತೆ ಬಿಳಿಯರ ಕೈಗೆ ಮರಳಿತು, ಹತ್ತು ವರ್ಷ ತುಂಬುವ ಮೊದಲೇ ಆ ಮೊತ್ತದ ಬಹುಪಾಲು ಕರಗಿತು. ಕಾಲೇಜನ್ನು ಯಾರೂ ಮುಚ್ಚಲಿಲ್ಲ. ಬಾಗಿಲು ತೆರೆದೇ ಇರುತ್ತದೆ, ಒಳಗೆ ಹಣ ಬರುವುದಿಲ್ಲ. ಮುಂದಿನ ನೂರೈವತ್ತು ವರ್ಷ ಈ ಸಂಸ್ಥೆಗಳಿಗೆ ಆದದ್ದು ಬಹುತೇಕ ಇದೇ.

1862ರ ಮಾರಿಲ್ ಕಾಯ್ದೆ ಪ್ರತಿ ರಾಜ್ಯಕ್ಕೂ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜು ಕಟ್ಟಲು ಭೂಮಿ ಕೊಟ್ಟಿತು, ‘ಲ್ಯಾಂಡ್ ಗ್ರಾಂಟ್’ ಎಂಬ ಹೆಸರು ಅದರಿಂದಲೇ. ಆ ಭೂಮಿಯೂ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. 1890ರಲ್ಲಿ ಎರಡನೆಯ ಕಾಯ್ದೆ ಬಂತು: ಬಣ್ಣ ನೋಡದೆ ಎಲ್ಲರನ್ನೂ ಸೇರಿಸಿಕೊಳ್ಳಿ, ಇಲ್ಲವೇ ಕಪ್ಪು ಜನರಿಗೆ ಬೇರೆ ಕಾಲೇಜು ಇಟ್ಟು ಹಣವನ್ನು ನ್ಯಾಯವಾಗಿ ಹಂಚಿ. ದಕ್ಷಿಣದ ರಾಜ್ಯಗಳು ಎರಡನೆಯ ದಾರಿ ಹಿಡಿದವು. ನ್ಯಾಯವಾದ ಹಂಚಿಕೆ ಎಂದರೆ ಎಷ್ಟು ಎಂಬುದನ್ನು ತೀರ್ಮಾನಿಸುವವರೂ ಅವೇ ರಾಜ್ಯಗಳವರು. ಕೃಷಿ ಸಂಶೋಧನೆಗೆ 1887ರಲ್ಲೇ ಕೇಂದ್ರದ ಹಣ ಹರಿಯತೊಡಗಿತ್ತು. 1890ರ ಸಂಸ್ಥೆಗಳಿಗೆ ಸಂಶೋಧನೆಗೆಂದೇ ಖಾಯಂ ಅನುದಾನ ಕಾನೂನಿನಲ್ಲಿ ಬರೆದುಬಂದದ್ದು 1977ರಲ್ಲಿ. ತೊಂಬತ್ತು ವರ್ಷ!

ಆಮೇಲೂ ಒಂದು ಕಂಡಿ ಉಳಿಯಿತು. ಕೇಂದ್ರ ಒಂದು ಡಾಲರ್ ಕೊಟ್ಟರೆ ರಾಜ್ಯವೂ ಒಂದು ಡಾಲರ್ ಸೇರಿಸಬೇಕೆಂಬುದು ನಿಯಮ. 1862ರ ಸಂಸ್ಥೆಗಳಿಗೆ ರಾಜ್ಯಗಳು ಈ ಪಾಲನ್ನು ಪೂರ್ತಿ ಕೊಡುತ್ತವೆ, ಎಷ್ಟೋ ಕಡೆ ಅದಕ್ಕಿಂತ ಹೆಚ್ಚೇ ಕೊಡುತ್ತವೆ. 1890ರ ಸಂಸ್ಥೆಗಳ ವಿಷಯದಲ್ಲಿ ಮಾತ್ರ, ಪಾಲಿನ ಅರ್ಧದವರೆಗೆ ವಿನಾಯಿತಿ ಕೇಳಲು ಕಾನೂನಿನಲ್ಲೇ ಅವಕಾಶವಿದೆ. ರಾಜ್ಯ ತನ್ನ ಪಾಲು ಕಟ್ಟಲಿಲ್ಲವೆಂದರೆ ಕೇಂದ್ರದ ಹಣ ಕೈತಪ್ಪುತ್ತದೆ ಎಂಬ ಭಯಕ್ಕೆ ವಿನಾಯಿತಿಯ ಅರ್ಜಿ ಹಾಕಬೇಕಾದವರು ವಿಶ್ವವಿದ್ಯಾಲಯದವರೇ. ತಮಗೆ ಬರಬೇಕಾದ ಹಣ ಬರದಿದ್ದರೂ ಪರವಾಗಿಲ್ಲ ಎಂದು ತಾವೇ ಬರೆದುಕೊಡುವ ಸ್ಥಿತಿ. 2010ರಿಂದ 2012ರವರೆಗಿನ ಮೂರೇ ವರ್ಷಗಳಲ್ಲಿ ಹೀಗೆ ಬರದೇ ಹೋದದ್ದು ಸುಮಾರು 5.7 ಕೋಟಿ ಡಾಲರ್ ಎಂದು ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯಗಳ ಸಂಘವೇ ಲೆಕ್ಕ ಹಾಕಿತು. ಬಂದಿದ್ದರೆ ಅದು ಪ್ರಯೋಗಾಲಯವಾಗುತ್ತಿತ್ತು. ಆ ಪ್ರಯೋಗಾಲಯವನ್ನು ತೋರಿಸಿ ಇನ್ನೊಂದು ಅನುದಾನ ತರಬಹುದಿತ್ತು. ನಷ್ಟ ಬಡ್ಡಿಯಂತೆ ಬೆಳೆಯುವುದು ಹೀಗೆ.

ಇಷ್ಟರಲ್ಲೇ ಇವರು ಮಾಡಿದ ಕೆಲಸ ನೋಡಿ. ಅಲಬಾಮಾದ ಟಸ್ಕೆಗೀಯಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1906ರಲ್ಲೇ ಒಂದು ಗಾಡಿಗೆ ನೇಗಿಲು, ಬೀಜ, ಬೆಣ್ಣೆ ಕಡೆಯುವ ಸಾಧನ ತುಂಬಿಸಿ ಹಳ್ಳಿಗಳಿಗೆ ಅಟ್ಟಿದರು. ಕೃಷಿ ವಿಸ್ತರಣೆಗೆ ಕೇಂದ್ರದ ಕಾಯ್ದೆ ಬಂದದ್ದು ಅದಾಗಿ ಎಂಟು ವರ್ಷಕ್ಕೆ, 1914ರಲ್ಲಿ. ಶಾಲೆಗಳಲ್ಲಿ ವರ್ಣಭೇದ ಕೂಡದೆಂಬ 1954ರ ತೀರ್ಪಿಗೆ ವಾದಿಸಿದ ಥರ್ಗುಡ್ ಮಾರ್ಷಲ್ ಹೊವಾರ್ಡ್ ವಿಶ್ವವಿದ್ಯಾಲಯದ ಕಾನೂನು ಪದವೀಧರ. ನ್ಯೂ ಆರ್ಲಿಯನ್ಸ್‌ನ ಪುಟ್ಟ ಕ್ಸೇವಿಯರ್ ವಿಶ್ವವಿದ್ಯಾಲಯ ವೈದ್ಯಕೀಯ ಕಾಲೇಜುಗಳಿಗೆ ಕಳಿಸಿರುವ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ದೊಡ್ಡ ದೊಡ್ಡ ಸಂಸ್ಥೆಗಳನ್ನೂ ಮೀರಿಸುವಂಥದ್ದು. ಮಾರ್ಟಿನ್ ಲೂಥರ್ ಕಿಂಗ್ ಓದಿದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಬೆಂಜಮಿನ್ ಮೇಸ್, ಆ ಹುದ್ದೆಗೇರುವ ಮುನ್ನ, ವೈಎಂಸಿಎ ವಿಶ್ವ ಸಮ್ಮೇಳನಕ್ಕೆಂದು ನಮ್ಮ ಮೈಸೂರಿಗೆ ಬಂದಿದ್ದರು. ಆ ಪ್ರವಾಸದಲ್ಲಿ ಅಸ್ಪೃಶ್ಯ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಕರೆಸಿ, ಅಮೆರಿಕದಲ್ಲಿ ಮೇಲೆ ಬಂದ ಅಸ್ಪೃಶ್ಯರು ಇವರು ಎಂದು ಪರಿಚಯಿಸಿದರಂತೆ. ಮೇಸ್‌ಗೆ ಮೊದಲು ಸಿಟ್ಟು ಬಂತು, ಯೋಚಿಸಿದಾಗ ಆ ಮಾತು ನಿಜವೆನಿಸಿತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಕೇಂದ್ರ ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಹೊವಾರ್ಡ್‌ಗೆ 19ನೇ ಶತಮಾನದಿಂದಲೂ ಅಮೆರಿಕದ ಸಂಸತ್ತು ನೇರ ಹಣ ಕೊಡುತ್ತ ಬಂದಿದೆ. 1965ರ ಉನ್ನತ ಶಿಕ್ಷಣ ಕಾಯ್ದೆ ಈ ಸಂಸ್ಥೆಗಳ ನೆರವಿಗೆ ದಾರಿ ಮಾಡಿತು. 1964ಕ್ಕೆ ಮುಂಚೆ ಸ್ಥಾಪನೆಯಾದವು ಮಾತ್ರ ಈ ಪಟ್ಟಿಗೆ ಸೇರುತ್ತವೆ. 2019ರಲ್ಲಿ ವರ್ಷಕ್ಕೆ 8.5 ಕೋಟಿ ಡಾಲರ್ ಖಾಯಂ ಆಯಿತು. ಕಟ್ಟಡಗಳಿಗೆ ತೆಗೆದಿದ್ದ ಸುಮಾರು 130 ಕೋಟಿ ಡಾಲರ್ ಸಾಲವನ್ನು 2020ರ ಕೊನೆಯಲ್ಲಿ ಮನ್ನಾ ಮಾಡಲಾಯಿತು. ಇವೆಲ್ಲ ಬೇಕಾದವೇ. ಆದರೆ ರಾಜ್ಯಗಳು ಉಳಿಸಿಕೊಂಡ ಬಾಕಿಯನ್ನು ಇವು ಮುಟ್ಟುವುದಿಲ್ಲ.

ಆ ಬಾಕಿ ಕೇಳಲು ಜನ ಕೋರ್ಟಿಗೇ ಹೋಗಬೇಕಾಯಿತು. ಮಿಸಿಸಿಪಿಯಲ್ಲಿ ಜೇಕ್ ಏಯರ್ಸ್ ಎಂಬ ತಂದೆ ಮಗನ ಪರವಾಗಿ 1975ರಲ್ಲಿ ದಾವೆ ಹೂಡಿದರು. 1992ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ವಿರುದ್ಧ ಹೇಳಿತು, ಸುಮಾರು 50 ಕೋಟಿ ಡಾಲರ್ ಕೊಡುವ ರಾಜಿ 2002ರಲ್ಲಿ ಆಯಿತು. ಅಷ್ಟರಲ್ಲಿ ಏಯರ್ಸ್ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಮೇರಿಲ್ಯಾಂಡ್‌ನ ತಕರಾರು ಬೇರೆ ಬಗೆಯದು. ಅಲ್ಲಿನ ಕಪ್ಪು ಜನರ ವಿಶ್ವವಿದ್ಯಾಲಯ ಮಾರ್ಗನ್ ಸ್ಟೇಟ್‌ನಲ್ಲಿ ಎಂಬಿಎ ಇದ್ದಾಗಲೇ ಅದೇ ಕೋರ್ಸನ್ನು ಪಕ್ಕದ ಸಂಸ್ಥೆಗಳಿಗೂ ರಾಜ್ಯ ಕೊಟ್ಟಿತು. ವಿದ್ಯಾರ್ಥಿಗಳು ಅತ್ತ ಹರಿದರೆ ಇಲ್ಲಿ ಶುಲ್ಕವೂ ಇಲ್ಲ, ಬೆಳವಣಿಗೆಯೂ ಇಲ್ಲ. 2006ರಲ್ಲಿ ಹೂಡಿದ ಆ ದಾವೆ 2021ರಲ್ಲಿ 57.7 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಹದಿನೈದು ವರ್ಷ, ಇಪ್ಪತ್ತೇಳು ವರ್ಷ ಕಾದು ಗೆಲ್ಲುವ ಹೊತ್ತಿಗೆ ದಾವೆ ಹೂಡಿದಾಗ ಓದುತ್ತಿದ್ದವರ ಮಕ್ಕಳೇ ಕಾಲೇಜಿಗೆ ಬರುವ ವಯಸ್ಸಾಗಿರುತ್ತದೆ.

ಟೆನ್ನೆಸೀಯಲ್ಲಿ ಲೆಕ್ಕ ತೆಗೆದದ್ದು ಶಾಸನಸಭೆಯ ಸಮಿತಿಯೇ. 1957ರಿಂದ ಅರ್ಧ ಶತಮಾನ ಕೊಡದೇ ಉಳಿದ ಪಾಲು 15 ಕೋಟಿಯಿಂದ 54.4 ಕೋಟಿ ಡಾಲರ್‌ವರೆಗೆ ಇರಬಹುದೆಂದು 2021ರಲ್ಲಿ ಅದು ಹೇಳಿತು. ಮರುವರ್ಷ ಕಟ್ಟಡಗಳಿಗೆಂದು 25 ಕೋಟಿ ಬಿಡುಗಡೆಯಾಯಿತು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರದ ಶಿಕ್ಷಣ ಮತ್ತು ಕೃಷಿ ಕಾರ್ಯದರ್ಶಿಗಳು 16 ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದರು: 1987ರಿಂದ 2020ರವರೆಗೆ ತಲಾ ವಿದ್ಯಾರ್ಥಿಯ ಲೆಕ್ಕದಲ್ಲಿ ಸಮಾನವಾಗಿ ಕೊಟ್ಟಿದ್ದರೆ 1890ರ ಸಂಸ್ಥೆಗಳಿಗೆ ಇನ್ನೂ 1,200 ಕೋಟಿ ಡಾಲರ್‌ಗೂ ಹೆಚ್ಚು ಬರಬೇಕಿತ್ತು, ಅದರಲ್ಲಿ ಟೆನ್ನೆಸೀ ಸ್ಟೇಟ್‌ನದೇ 210 ಕೋಟಿ. ಇಂಥ ಸಂಸ್ಥೆಗಳಿರುವ ರಾಜ್ಯಗಳಲ್ಲಿ ಪತ್ರ ಹೋಗದಿದ್ದವು ಎರಡೇ, ಡೆಲವೇರ್ ಮತ್ತು ಒಹಾಯೊ.

ಟೆನ್ನೆಸೀ ಸ್ಟೇಟ್‌ಗೆ ಆ ಹಣ ಬರಲಿಲ್ಲ. ಬದಲಿಗೆ 2024ರಲ್ಲಿ ಹಣಕಾಸು ನಿರ್ವಹಣೆ ಸರಿಯಿಲ್ಲವೆಂದು ಶಾಸನಸಭೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯನ್ನೇ ತೆಗೆದುಹಾಕಿತು. ಲೆಕ್ಕಪತ್ರದಲ್ಲಿ ಲೋಪಗಳಿದ್ದರೆ ತಿದ್ದಲೇಬೇಕು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಐವತ್ತು ವರ್ಷ ಪಾಲು ಕೊಡದವರು ಲೆಕ್ಕ ಕೇಳುವಾಗ ತಮ್ಮ ಬಾಕಿಯನ್ನೂ ಅದೇ ಮೇಜಿನ ಮೇಲಿಡಬೇಕಲ್ಲವೇ? 2025ರಲ್ಲಿ ಕೊನೆಗೂ ಒಂದು ಒಪ್ಪಂದವಾಯಿತು. ಕಟ್ಟಡಗಳಿಗೆಂದು ಕೊಟ್ಟಿದ್ದ 25 ಕೋಟಿಯಲ್ಲೇ 9.6 ಕೋಟಿಯನ್ನು ಮೂರು ವರ್ಷಗಳ ನಿತ್ಯದ ಖರ್ಚಿಗೆ ಬಳಸಿಕೊಳ್ಳಲು ವಿಶ್ವವಿದ್ಯಾಲಯಕ್ಕೆ ಅನುಮತಿ ಸಿಕ್ಕಿದೆ.