ಮೈದಾನದಿಂದ ಮೈಕಿಗೆ

ಐಪಿಎಲ್ ಪಂದ್ಯಗಳು ದೂರದರ್ಶನದ ಪರದೆಯ ಮೇಲೆ ಕನ್ನಡದಲ್ಲಿ ಮಾತನಾಡತೊಡಗಿದ್ದು 2018ರಲ್ಲಿ. ಆ ವರ್ಷ ಮುಗಿಯುವಷ್ಟರಲ್ಲಿ ಕನ್ನಡಕ್ಕೆಂದೇ ಒಂದು ಕ್ರೀಡಾ ವಾಹಿನಿಯೂ ಬಂದಿತು. ಅಂದಿನಿಂದ ಮೈಕು ಹಿಡಿದವರಲ್ಲಿ ಅನೇಕರು ಒಂದು ಕಾಲಕ್ಕೆ ಬ್ಯಾಟು, ಚೆಂಡು ಹಿಡಿದಿದ್ದವರೇ. 1999ರಲ್ಲಿ ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಏಕದಿನ ಕ್ರಿಕೆಟ್‌ಗೆ ಕಾಲಿಟ್ಟು ಸರಣಿ ಶ್ರೇಷ್ಠರೆನಿಸಿದ ವಿಜಯ್ ಭಾರದ್ವಾಜ್, ನಮ್ಮದೇ ಜಿಲ್ಲೆಯ ಸಾಗರದಲ್ಲಿ ಹುಟ್ಟಿ ರಾಜ್ಯ ತಂಡಕ್ಕೂ ಡೆಕ್ಕನ್ ಚಾರ್ಜರ್ಸ್‌ಗೂ ಆಡಿದ ಭರತ್ ಚಿಪ್ಲಿ, 2017ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಲಾರ್ಡ್ಸ್ ಅಂಗಳಕ್ಕಿಳಿದ ಕಡೂರಿನ ವೇದಾ ಕೃಷ್ಣಮೂರ್ತಿ ಅವರಲ್ಲಿ ಕೆಲವರು. ಮೇಗರವಳ್ಳಿಯಂಥ ಊರಿನಲ್ಲಿ ಕುಳಿತು ಇವರ ಮಾತು ಕೇಳುವ ನನ್ನಂಥವರಿಗೆ ಇದೊಂದು ಸಣ್ಣ ಬದಲಾವಣೆಯಲ್ಲ.

1983ರ ಜೂನ್ 25ರ ರಾತ್ರಿ ನೆನಪಾಗುತ್ತದೆ. ಹೊರಗೆ ಎಡೆಬಿಡದ ಮಳೆ, ಊರಿನಲ್ಲಿ ವಿದ್ಯುತ್ ಇಲ್ಲ. ಟ್ರಾನ್ಸಿಸ್ಟರಿನ ಸುತ್ತ ಹತ್ತಾರು ಜನ. ವಿಶ್ವಕಪ್ ಫೈನಲ್‌ನ ವಿವರಣೆ ಇಂಗ್ಲಿಷ್ ಹಾಗೂ ಹಿಂದಿಯಲ್ಲಿ. ಪ್ರತಿ ಓವರ್ ಮುಗಿದಾಗಲೂ ಹಿರಿಯರೊಬ್ಬರು, ‘ಎಂತ ಹೇಳಿದ್ನೋ ಅಪ್ಪಿ ಅವ?’ ಎಂದು ಕೇಳುತ್ತಿದ್ದರು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, ಹದಿನೆಂಟು ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ನಮ್ಮ ರಾಜ್ಯದವನೇ ಗೆಲ್ಲಿಸುತ್ತಿದ್ದ ಆಟವನ್ನು ನಮ್ಮ ಹಿರಿಯರು ಇನ್ನೊಬ್ಬರ ಅನುವಾದದಲ್ಲಿ ಕೇಳಬೇಕಾಗಿತ್ತು. ಆ ಕೊರತೆ ಇಂದು ನೀಗಿದೆ. ಆದರೆ ಭಾಷೆ ಬಂದ ಮಾತ್ರಕ್ಕೆ ಮಾತಿಗೆ ತೂಕ ಬರುವುದಿಲ್ಲ. ಮಾಜಿ ಆಟಗಾರನ ಮಾತಿಗೆ ತೂಕ ಬರುವುದು ಎರಡು ಸಂಗತಿಗಳಿಂದ: ಒಂದು, ಅವನು ಮೈಮೇಲೆ ಅನುಭವಿಸಿ ಪಡೆದ ಜ್ಞಾನ, ಇನ್ನೊಂದು, ಆ ಜ್ಞಾನವನ್ನು ಮುಚ್ಚುಮರೆಯಿಲ್ಲದೆ ಹೇಳುವ ಸ್ವಾತಂತ್ರ್ಯ. ಈ ಎರಡನ್ನೂ ಬೇರೆಬೇರೆಯಾಗಿ ನೋಡಲು ಬ್ರಿಟನ್ನಿನ ಇಬ್ಬರು ಕಾರ್ ರೇಸ್ ಚಾಲಕರ ಬದುಕು ಒಳ್ಳೆಯ ಉದಾಹರಣೆ.

ಮೊದಲನೆಯವರು ಜೇಮ್ಸ್ ಹಂಟ್. 1976ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್. ಆ ವರ್ಷ ಅವರ ಎದುರಾಳಿ ನಿಕಿ ಲೌಡಾ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಬೆಂಕಿಗೆ ಸಿಕ್ಕಿ, ಆರು ವಾರಗಳಲ್ಲೇ ಸುಟ್ಟ ಗಾಯಗಳೊಂದಿಗೆ ಮತ್ತೆ ಕಾರು ಏರಿದ್ದರು. ಜಪಾನಿನ ಫ್ಯೂಜಿಯಲ್ಲಿ ನಡೆದ ಕೊನೆಯ ರೇಸಿನಂದು ಧಾರಾಕಾರ ಮಳೆ. ಪ್ರಾಣ ದೊಡ್ಡದೆಂದು ಲೌಡಾ ಎರಡೇ ಸುತ್ತಿಗೆ ಕಾರು ನಿಲ್ಲಿಸಿದರು. ಹಂಟ್ ಮೂರನೆಯವರಾಗಿ ಗುರಿ ಮುಟ್ಟಿ ಒಂದೇ ಒಂದು ಅಂಕದಿಂದ ಚಾಂಪಿಯನ್ ಆದರು. ‘ರಶ್’ ಎಂಬ 2013ರ ಚಲನಚಿತ್ರ ಈ ಕಥೆಯನ್ನು ಹೊಸ ತಲೆಮಾರಿಗೆ ತಲುಪಿಸಿತು. ಚಿತ್ರ ಹೇಳದ ಉತ್ತರಾರ್ಧವೇ ನಮ್ಮ ವಿಷಯಕ್ಕೆ ಮುಖ್ಯ. 1979ರ ಋತುವಿನ ನಡುವೆಯೇ ಹಂಟ್ ಚಾಲನೆ ಬಿಟ್ಟರು. ಮರುವರ್ಷ ಬಿಬಿಸಿಯ ವಿವರಣಾ ಕೊಠಡಿಯಲ್ಲಿ ಮರ್ರೆ ವಾಕರ್ ಪಕ್ಕದಲ್ಲಿ ಕುಳಿತರು. 1993ರ ಜೂನ್ 13ರ ಕೆನಡಾ ರೇಸಿನವರೆಗೆ ಅದೇ ಅವರ ಕಾಯಕ. ಅದಾದ ಎರಡೇ ದಿನಕ್ಕೆ, ನಲವತ್ತೈದರ ಹರೆಯದಲ್ಲಿ, ಹೃದಯಾಘಾತದಿಂದ ತೀರಿಕೊಂಡರು.

ವಾಕರ್ ಉದ್ವೇಗದ ಮನುಷ್ಯ. ಕಾರಿಗಿಂತ ಅವರ ಮಾತಿನ ವೇಗವೇ ಹೆಚ್ಚು. ಹಂಟ್ ಅದಕ್ಕೆ ತದ್ವಿರುದ್ಧ. ಇಬ್ಬರೂ ಒಟ್ಟಿಗೇ ಮಾತಾಡದಿರಲಿ ಎಂದು ಬಿಬಿಸಿ ಇಬ್ಬರ ನಡುವೆ ಒಂದೇ ಮೈಕು ಇಟ್ಟಿತ್ತು. ವಾಕರ್ ಏನು ನಡೆಯುತ್ತಿದೆ ಎಂದು ಹೇಳಿದರೆ, ಹಂಟ್ ಅದೇಕೆ ನಡೆಯಿತು ಎಂದು ಹೇಳುತ್ತಿದ್ದರು. ಹಿಂದೆ ಬಿದ್ದ ಚಾಲಕನೊಬ್ಬ ಮುಂದಿನವರಿಗೆ ದಾರಿ ಬಿಡದೆ ಅಡ್ಡಿಯಾದರೆ, ಅವನ ಹೆಸರು ಹಿಡಿದೇ ಬಯ್ಯುತ್ತಿದ್ದರು. ವೀಕ್ಷಕರಿಗೆ ಅದು ಹೊಸತು. ಪರಿಚಯದ ದಾಕ್ಷಿಣ್ಯ, ಪ್ರಾಯೋಜಕರ ಮುಲಾಜು ಯಾವುದೂ ಆ ಮಾತಿನಲ್ಲಿ ಇರಲಿಲ್ಲ.

ಇಂಥ ನೇರ ನುಡಿಗೂ ಒಂದು ಅಪಾಯವಿದೆ, ಅದನ್ನು ಮರೆಯಬಾರದು. 1978ರಲ್ಲಿ ಇಟಲಿಯ ಮೊಂಜಾದಲ್ಲಿ ರೇಸ್ ಆರಂಭವಾದ ಕೆಲವೇ ಕ್ಷಣಗಳಲ್ಲಿ ಹಲವು ಕಾರುಗಳು ಒಂದಕ್ಕೊಂದು ಬಡಿದವು. ಹೊತ್ತಿ ಉರಿಯುತ್ತಿದ್ದ ಕಾರಿನಿಂದ ಸ್ವೀಡನ್ನಿನ ರೋನಿ ಪೀಟರ್ಸನ್ ಅವರನ್ನು ಹೊರಗೆಳೆದವರಲ್ಲಿ ಹಂಟ್ ಕೂಡ ಒಬ್ಬರು. ಪೀಟರ್ಸನ್ ಮರುದಿನ ಅಸುನೀಗಿದರು. ಈ ಅನಾಹುತಕ್ಕೆ ಇಟಲಿಯ ಯುವ ಚಾಲಕ ರಿಕಾರ್ಡೊ ಪಟ್ರೇಸೆ ಕಾರಣರೆಂದು ಹಂಟ್ ನಂಬಿದರು. ನ್ಯಾಯಾಲಯ ಪಟ್ರೇಸೆ ಅವರನ್ನು ದೋಷಮುಕ್ತಗೊಳಿಸಿದ ಬಳಿಕವೂ ಹಂಟ್ ವರ್ಷಗಟ್ಟಲೆ ಮೈಕಿನ ಮೂಲಕ ಅವರನ್ನು ಹಳಿಯುತ್ತಲೇ ಹೋದರು. ಕಣ್ಣಾರೆ ಕಂಡವನ ಸಾಕ್ಷ್ಯವೂ ತಪ್ಪಾಗಬಹುದು. ಸ್ವಾತಂತ್ರ್ಯದ ಜೊತೆಗೆ ಸಂಯಮವೂ ಬೇಕು. ಆದರೂ, ಯಾರ ಹಂಗೂ ಇಲ್ಲದ ನಾಲಿಗೆ ಆಗೊಮ್ಮೆ ಈಗೊಮ್ಮೆ ತಪ್ಪುವುದು, ಹಂಗಿನ ನಾಲಿಗೆ ಸದಾ ಸಿಹಿಯಾಗಿರುವುದಕ್ಕಿಂತ ಕಡಿಮೆ ಹಾನಿಕರ ಎಂದು ನಾನು ಭಾವಿಸುತ್ತೇನೆ.

ಎರಡನೆಯವರು ಮಾರ್ಟಿನ್ ಬ್ರಂಡಲ್. 158 ಗ್ರ್ಯಾನ್ ಪ್ರಿ ರೇಸುಗಳಲ್ಲಿ ಓಡಿಸಿ ಒಂದನ್ನೂ ಗೆಲ್ಲದವರು. 1984ರಲ್ಲಿ, ಮೊದಲ ವರ್ಷವೇ, ಡೆಟ್ರಾಯಿಟ್‌ನಲ್ಲಿ ಎರಡನೆಯವರಾಗಿ ಬಂದರು. ತಂಡ ನಿಯಮ ಮುರಿದಿದೆಯೆಂದು ಆ ಫಲಿತಾಂಶವೇ ರದ್ದಾಯಿತು. ಅದೇ ವರ್ಷ ಡಲ್ಲಾಸ್‌ನಲ್ಲಿ ಅಪಘಾತವಾಗಿ ಕಾಲುಗಳಿಗೆ ತೀವ್ರ ಪೆಟ್ಟು. ಒಂಬತ್ತು ಬಾರಿ ಮೊದಲ ಮೂವರಲ್ಲಿ ಒಬ್ಬರಾದರೂ ಎತ್ತರದ ಮೆಟ್ಟಿಲು ಸಿಗಲಿಲ್ಲ. ಪ್ರತಿಭೆ ಇರಲಿಲ್ಲವೆಂದಲ್ಲ: 1988ರಲ್ಲಿ ಜಾಗ್ವಾರ್ ತಂಡಕ್ಕಾಗಿ ವಿಶ್ವ ಸ್ಪೋರ್ಟ್ಸ್ ಕಾರ್ ಚಾಂಪಿಯನ್ ಆದವರು, 1990ರಲ್ಲಿ ಲ ಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಗಳ ರೇಸ್ ಗೆದ್ದ ತಂಡದಲ್ಲಿದ್ದವರು. ಆದರೆ ಅವರು ಫಾರ್ಮುಲಾ ತ್ರೀಯಲ್ಲಿ ಸೆಣಸಿದ್ದು ಐರ್ಟನ್ ಸೆನ್ನಾ ಜೊತೆ. 1992ರಲ್ಲಿ ಅವರ ಸಹಚಾಲಕನಾಗಿದ್ದವರು ಮೈಕೆಲ್ ಶುಮಾಕರ್. ಮಹಾನ್ ಚಾಲಕರ ಪಕ್ಕದಲ್ಲೇ ನಿಂತು, ತನಗಿಂತ ಅವರು ಎಲ್ಲಿ, ಹೇಗೆ ಮುಂದೆ ಎಂಬುದನ್ನು ಅಳೆದು ನೋಡಬೇಕಾದ ಪರಿಸ್ಥಿತಿ ಅವರದು.

1997ರಲ್ಲಿ ಬ್ರಂಡಲ್ ಐಟಿವಿ ವಾಹಿನಿಯ ಮೈಕು ಹಿಡಿದಾಗ ಜೊತೆಗಿದ್ದವರು ಅದೇ ವಾಕರ್. ರೇಸ್ ಆರಂಭಕ್ಕೆ ಕೆಲವೇ ನಿಮಿಷಗಳಿರುವಾಗ ಸಾಲುಗಟ್ಟಿ ನಿಂತ ಕಾರುಗಳ ನಡುವೆ ನಡೆಯುತ್ತ ಚಾಲಕರನ್ನು ಮಾತಾಡಿಸುವ ಅವರ ಪರಿಪಾಠವೂ ಆ ವರ್ಷದ್ದೇ. ಮುಂದೆ ಬಿಬಿಸಿ, 2012ರಿಂದ ಸ್ಕೈ ವಾಹಿನಿ. ಚಾಲಕನಾಗಿ ಕಳೆದದ್ದಕ್ಕಿಂತ ಇಮ್ಮಡಿ ಕಾಲ ಅವರು ವಿವರಣಕಾರರಾಗಿದ್ದಾರೆ. ಗೆಲ್ಲದವನು ಗೆದ್ದವರಿಗಿಂತ ಚೆನ್ನಾಗಿ ವಿವರಿಸುವುದು ಹೇಗೆ? ನನಗೆ ತೋರುವ ಉತ್ತರ ಇದು: ಅಪೂರ್ವ ಪ್ರತಿಭಾವಂತನಿಗೆ ವಿದ್ಯೆ ಉಸಿರಾಟದಷ್ಟು ಸಹಜ, ಹಾಗಾಗಿ ಅವನು ಅದನ್ನು ಬಿಡಿಸಿ ನೋಡಿರುವುದಿಲ್ಲ. ಒಂದು ಮೆಟ್ಟಿಲು ಕೆಳಗಿರುವವನು ಪ್ರತಿಯೊಂದನ್ನೂ ಬಿಡಿಸಿ, ಜೋಡಿಸಿ ಕಲಿತಿರುತ್ತಾನೆ. ಆದ್ದರಿಂದಲೇ ಕಲಿಸಬಲ್ಲ.

ನಮ್ಮ ಕಡೆಯವರಿಗೆ ಇದು ತಿಳಿಯದ ವಿಷಯವಲ್ಲ. ತೀರ್ಥಹಳ್ಳಿಯಿಂದ ಮೇಗರವಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಚಾಲಕನ ಪಕ್ಕದ ಸೀಟಿನಲ್ಲಿ ಕುಳಿತವರಿಗೆ ಗೊತ್ತು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಚಾಲಕ ಎಲ್ಲಿ ಬ್ರೇಕು ಒತ್ತುತ್ತಾನೆ, ಎಲ್ಲಿ ಗೇರು ಇಳಿಸುತ್ತಾನೆ ಎಂಬುದು ಹಿಂದಿನ ಸೀಟಿನವರಿಗೆ ಕಾಣದು. ಅವರಿಗೆ ಹೊಟ್ಟೆ ತೊಳಸುವುದಷ್ಟೇ ಗೊತ್ತು. ರೇಸಿನ ತಿರುವೂ ಇಷ್ಟೇ. ವೇಗವನ್ನು ಬಹುಪಾಲು ತಿರುವಿಗೆ ಮೊದಲೇ ಇಳಿಸಬೇಕು. ಬ್ರೇಕು ಒತ್ತಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬಂದು ಅವು ನೆಲವನ್ನು ಬಿಗಿಯಾಗಿ ಹಿಡಿಯುತ್ತವೆ. ತಿರುವಿನ ಒಳ ಅಂಚನ್ನು ಸವರಿ, ಹೊರಬರುವಾಗ ಹದವರಿತು ವೇಗ ಕೂಡಿಸಬೇಕು. ಅವಸರಪಟ್ಟರೆ ಹಿಂದಿನ ಚಕ್ರ ಜಾರುತ್ತದೆ. ಇಷ್ಟನ್ನು ಬಲ್ಲ ವೀಕ್ಷಕನಿಗೆ ಪರದೆಯ ಮೇಲಿನ ಅಬ್ಬರ ಒಮ್ಮೆಲೇ ಅರ್ಥಪೂರ್ಣವಾಗುತ್ತದೆ. ಬ್ರಂಡಲ್ ಮಾಡುವುದು ಇದನ್ನೇ: ನಮ್ಮನ್ನು ಚಾಲಕನ ಪಕ್ಕದ ಸೀಟಿಗೆ ಕರೆತರುವುದು. ಚೆನ್ನೈಯ ಕರುಣ್ ಚಂಡೋಕ್ 2010 ಮತ್ತು 2011ರಲ್ಲಿ ಆಡಿದ್ದು ಹನ್ನೊಂದೇ ಫಾರ್ಮುಲಾ ಒನ್ ರೇಸು; ಆದರೂ ಬ್ರಿಟನ್ನಿನ ವಾಹಿನಿಗಳಲ್ಲಿ ಅವರು ವಿಶ್ಲೇಷಕರಾಗಿ ನೆಲೆ ಕಂಡುಕೊಂಡದ್ದು ಇದೇ ಗುಣದಿಂದ.

ಈ ಬೆಳಕಿನಲ್ಲಿ ನೋಡಿದರೆ, ಕನ್ನಡ ವಿವರಣೆಯ ತಂಡದಲ್ಲಿ ಜಗದ್ವಿಖ್ಯಾತ ಹೆಸರುಗಳು ವಿರಳವೆಂದು ಕೊರಗಬೇಕಿಲ್ಲ. ಮೂರು ಟೆಸ್ಟ್, ಹತ್ತು ಏಕದಿನ ಪಂದ್ಯಗಳನ್ನಾಡಿದ ಭಾರದ್ವಾಜ್, ರಣಜಿಯ ಬಿಸಿಲಲ್ಲಿ ಬೆಂದ ಇತರರು ನಮ್ಮ ಬ್ರಂಡಲ್‌ಗಳಾಗಬಲ್ಲರು. ಅವರಿಗಿರುವ ಇನ್ನೊಂದು ಅನುಕೂಲ ಕನ್ನಡ. ಪತ್ರಿಕೆಗಳು ಎಸೆತ, ಓಟ, ದಾಂಡಿಗ, ಹುದ್ದರಿ ಎಂದು ಬರೆದು ದಾರಿ ಮಾಡಿಕೊಟ್ಟಿವೆ. ಎಲ್ಲವನ್ನೂ ಅನುವಾದಿಸಲೇಬೇಕೆಂಬ ಹಟವೂ ಬೇಡ. ‘ರಿವರ್ಸ್ ಸ್ವಿಂಗ್’ ಎನ್ನುವುದನ್ನು ಹಾಗೆಯೇ ಹೇಳಲಿ. ಆದರೆ ಚೆಂಡು ಹಳತಾದ ಮೇಲೆ, ಒಂದು ಮಗ್ಗುಲು ನುಣುಪಾಗಿ ಇನ್ನೊಂದು ಒರಟಾಗಿ ಉಳಿದಾಗ, ಅದು ಎಂದಿನ ದಿಕ್ಕು ಬಿಟ್ಟು ನುಣುಪಾದ ಕಡೆಗೇ ಏಕೆ ಹೊರಳುತ್ತದೆಂದು ಎರಡು ವಾಕ್ಯದಲ್ಲಿ ತಿಳಿಸಲಿ. ಇಂಥ ವಿವರಣೆ ಕೇಳಿ ಬೆಳೆಯುವ ಹೊಸನಗರದ ಹುಡುಗಿಗೆ, ಹುಡುಗನಿಗೆ ಅದೇ ಮೊದಲ ತರಬೇತಿ. ಬೆಂಗಳೂರಿನ ಕೋಚಿಂಗ್ ಕೇಂದ್ರಗಳು ಅವರಿಂದ ಬಲು ದೂರ. ಬೇಸರವೆಂದರೆ, ಪ್ರತಿ ಸಿಕ್ಸರಿಗೂ ಸಿನಿಮಾ ಸಂಭಾಷಣೆ ಎಸೆಯುವ ಚಾಳಿ ಈ ಅವಕಾಶವನ್ನು ನುಂಗತೊಡಗಿದೆ.

ಇನ್ನು ಎರಡನೆಯ ಬಂಡವಾಳವಾದ ಸ್ವಾತಂತ್ರ್ಯದ ಮಾತು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಪಂದ್ಯವೊಂದಕ್ಕೆ ಸುಮಾರು 118 ಕೋಟಿ. ಇಷ್ಟು ಹಣ ಸುರಿದವರು ತಮ್ಮ ಪಂದ್ಯ ನೀರಸವಾಗಿದೆ ಎಂಬ ಮಾತನ್ನು ತಮ್ಮದೇ ಮೈಕಿನಿಂದ ಕೇಳಬಯಸುವರೇ? ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಹಳೆಯ ಕಾರುಗಳ ಮಾರುಕಟ್ಟೆಯ ಪ್ರಬಂಧ ನೆನಪಿರುತ್ತದೆ: ಮಾರುವವನಿಗೆ ಗೊತ್ತಿರುವ ಹುಳುಕು ಕೊಳ್ಳುವವನಿಗೆ ತಿಳಿಯದಿದ್ದಾಗ, ಕ್ರಮೇಣ ಒಳ್ಳೆಯ ಸರಕೇ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ. ಆಟದ ಒಳಗನ್ನು ಬಲ್ಲ ವಿವರಣಕಾರ ಈ ಅಂತರವನ್ನು ತುಂಬಬೇಕಾದವನು. ಅವನೂ ಮಾರುವವನ ಕಡೆಗೆ ಸೇರಿದರೆ ವೀಕ್ಷಕನಿಗೆ ದಿಕ್ಕಿಲ್ಲ.

ಇದು ಕಲ್ಪಿತ ಭಯವಲ್ಲ. ಯಾವ ಯಾವ ವಿಷಯ ಎತ್ತಬಾರದೆಂಬ ನಿರ್ಬಂಧ ತಿಳಿದ ಮೇಲೆ ಆಸ್ಟ್ರೇಲಿಯಾದ ಮಾಜಿ ನಾಯಕ ಇಯಾನ್ ಚಾಪೆಲ್ 2013ರ ಭಾರತ ಸರಣಿಯ ವಿವರಣೆಯಿಂದ ಹಿಂದೆ ಸರಿದರು. 2016ರಲ್ಲಿ ಹರ್ಷ ಭೋಗ್ಲೆ, 2020ರಲ್ಲಿ ಸಂಜಯ್ ಮಂಜ್ರೇಕರ್ ತಂಡದಿಂದ ಹೊರಬಿದ್ದರು. ಮುಂದೆ ಇಬ್ಬರೂ ಮರಳಿ ಬಂದರೆನ್ನುವುದು ನಿಜ, ಆದರೆ ಅಷ್ಟರಲ್ಲಿ ಉಳಿದವರಿಗೆ ಪಾಠವಾಗಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತಗಾರರ ಸಮಿತಿಗೆ 2017ರಲ್ಲಿ ರಾಜೀನಾಮೆ ನೀಡಿದ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ, ಆಟಗಾರರ ವ್ಯವಹಾರ ನೋಡಿಕೊಳ್ಳುವ ಕಂಪನಿಯ ನಂಟಿರುವವರೇ ಆ ಆಟಗಾರರ ಬಗ್ಗೆ ವಿವರಣೆ ನೀಡುವ ಹಿತಾಸಕ್ತಿ ಸಂಘರ್ಷವನ್ನು ತಮ್ಮ ಪತ್ರದಲ್ಲಿ ಎತ್ತಿ ತೋರಿಸಿದ್ದರು. ಹಂಟ್ ಅವರಿಗೆ ಸಂಬಳ ಕೊಡುತ್ತಿದ್ದುದು ಜನರ ಲೈಸೆನ್ಸ್ ಶುಲ್ಕದಿಂದ ನಡೆಯುವ ಸಂಸ್ಥೆ ಎಂಬುದನ್ನು ಇಲ್ಲಿ ನೆನೆಯಬೇಕು.

ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ನಾನು ಕಂಡದ್ದೂ ಇದಕ್ಕಿಂತ ಭಿನ್ನವಲ್ಲ. ಸೇವೆಯಲ್ಲಿರುವಷ್ಟು ದಿನ ನಡತೆ ನಿಯಮಗಳು ಬಾಯಿ ಕಟ್ಟುತ್ತವೆ. ಅದು ನ್ಯಾಯವೂ ಹೌದು. ನಿವೃತ್ತಿಯ ದಿನ ಆ ಕಟ್ಟು ಬಿಚ್ಚುತ್ತದೆ. ಕಡತದ ಒಳಗನ್ನು ಬಲ್ಲವರು ಅಂದಿನಿಂದಲಾದರೂ ಜನರಿಗೆ ತಿಳಿಯುವಂತೆ ಮಾತಾಡಬಹುದು. ಆದರೆ ಯಾವುದಾದರೊಂದು ಆಯೋಗ, ನಿಗಮದ ಮೇಲೆ ಕಣ್ಣಿಟ್ಟವರು ನಿವೃತ್ತಿಯ ನಂತರವೂ ಸೇವೆಯಲ್ಲಿದ್ದಂತೆಯೇ ಮೌನಿಗಳು. ಜ್ಞಾನವಿದ್ದೂ ಬಾಯಿಲ್ಲದವರಿಂದ ಸಮಾಜಕ್ಕೆ ಆಗುವ ನಷ್ಟವನ್ನು ಯಾವ ಲೆಕ್ಕಪತ್ರವೂ ತೋರಿಸುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ವಿವರಣಕಾರರಿಗೆ ಸಂಬಳ ಕೊಡುವವರು ಯಾರು, ಆಟಗಾರರೊಂದಿಗೆ ಅವರ ವ್ಯವಹಾರದ ನಂಟೇನು ಎಂಬುದು ಬಹಿರಂಗವಾಗಲಿ. ತಂಡದ ಆಯ್ಕೆ, ಆಡಳಿತದ ಲೋಪಗಳನ್ನು ಕುರಿತು ಮಾತಾಡುವುದಕ್ಕೆ ಒಪ್ಪಂದಗಳಲ್ಲಿ ಅಡ್ಡಿ ಇರದಿರಲಿ. ಕನ್ನಡದ ವೀಕ್ಷಕರೂ ಅಬ್ಬರಕ್ಕೆ ಚಪ್ಪಾಳೆ ತಟ್ಟುವುದರ ಜೊತೆಗೆ, ಕ್ಯಾಚ್ ಕೈಬಿಟ್ಟದ್ದು ನಮ್ಮ ರಾಜ್ಯದ ಆಟಗಾರನೇ ಆದಾಗಲೂ ಅದನ್ನು ತಪ್ಪೆಂದು ಹೇಳಿದವನ ಮಾತನ್ನು ಸಹಿಸಿಕೊಳ್ಳಲಿ. ಕನ್ನಡ ಮೈಕಿಗೆ ಬಂದದ್ದು ತಡವಾಗಿ. ಬಂದ ಮೇಲೆ ಅದು ಜಾಹೀರಾತಿನ ಮುಂದುವರಿಕೆ ಆಗದಿರಲಿ. ಆಟ ಬಲ್ಲವನು ಆಟ ಬಲ್ಲದವನಿಗೆ ಹೇಳುವ ಪ್ರಾಮಾಣಿಕ ಮಾತಾಗಿ ಉಳಿಯಲಿ.